ಕಡಲ ತಳಕ್ಕೊಂದು ಕರೆಂಟ್ ಕನೆಕ್ಷನ್

ಐಮಂಗಲದ ಹತ್ತಿರ ಮರಡಿಹಳ್ಳಿ ಅಂತ ಒಂದು ಊರಿದೆ. ಅಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಕಾಣುವ ಬಂಡೆಗಳಿವೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಣೆಯೂ ಆಗಿದೆ. ಆದರೂ ನಮ್ಮ ಜಿಲ್ಲೆಯವರೇ ಎಷ್ಟೋ ಜನ ನೋಡಿಲ್ಲ, ಕೋಟೆ ನೋಡಿದರೆ ಚಿತ್ರದುರ್ಗ ಮುಗಿಯಿತು ಅನ್ನೋ ಲೆಕ್ಕ ನಮ್ಮದು. ಲಾವಾ ನೀರಿನೊಳಗೆ ಉಕ್ಕಿದರೆ ಮಾತ್ರ ಈ ಆಕಾರ ಬರುತ್ತದೆ. ಹೊರಗೆ ಬಂದ ಕೂಡಲೇ ತಣ್ಣೀರು ತಾಗಿ ಮೇಲಿನ ಸಿಪ್ಪೆ ಗಟ್ಟಿಯಾಗುತ್ತದೆ, ಒಳಗಿನದು ಇನ್ನೂ ಹರಿಯುತ್ತಿರುತ್ತದೆ, ಸಿಪ್ಪೆ ಒಡೆದು ಪಕ್ಕದಲ್ಲಿ ಇನ್ನೊಂದು ದಿಂಬು ಹುಟ್ಟುತ್ತದೆ. ಅಂದರೆ ಇವತ್ತು ನೀರಿಗಾಗಿ ಸಾವಿರ ಅಡಿ ಬೋರ್ ಕೊರೆಸುವ ಈ ನೆಲ ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನ ತಳದಲ್ಲಿತ್ತು. ನಗು ಬರುತ್ತೆ ಅಲ್ವಾ?

ಆಗ ಅದನ್ನು ನೋಡೋಕೆ ಯಾರೂ ಇರಲಿಲ್ಲ, ಸರಿ. ಆದರೆ ತೀರಾ ಮೊನ್ನೆ ಮೊನ್ನೆಯವರೆಗೂ ಅದೇ ಕತೆ. ಅಮೆರಿಕದ ಒರೆಗಾನ್ ಕರಾವಳಿಯಿಂದ ಸುಮಾರು 480 ಕಿ.ಮೀ. ಆಚೆ ಆಕ್ಸಿಯಲ್ ಅನ್ನುವ ಜ್ವಾಲಾಮುಖಿ ಇದೆ. ಅದರ ನೆತ್ತಿಯೇ ನೀರಿನ ಮಟ್ಟದಿಂದ ಸುಮಾರು 1,400 ಮೀಟರ್ ಕೆಳಗಿದೆ. 2011ರ ಏಪ್ರಿಲ್‌ನಲ್ಲಿ ಅದು ಸ್ಫೋಟಿಸಿತು. ಜನಕ್ಕೆ ಗೊತ್ತಾಗಿದ್ದು ಜುಲೈನಲ್ಲಿ! ವಿಜ್ಞಾನಿಗಳು ಹಡಗಲ್ಲಿ ಹೋಗಿ ರೋಬೋ ಇಳಿಸಿ ನೋಡಿದರೆ, ಹಿಂದೆ ಇಟ್ಟು ಬಂದಿದ್ದ ಕೆಲವು ಉಪಕರಣಗಳು ಹೊಸ ಲಾವಾದ ಅಡಿ ಹೂತುಹೋಗಿದ್ದವು.

ಅದೇ ಜ್ವಾಲಾಮುಖಿ 2015ರ ಏಪ್ರಿಲ್ 24ರಂದು ಮತ್ತೆ ಎದ್ದಿತು. ಈ ಸಲ ಕತೆ ಬೇರೆ. ಒಂದೇ ದಿನ 8,000ಕ್ಕೂ ಹೆಚ್ಚು ಸಣ್ಣಪುಟ್ಟ ಕಂಪನಗಳು ಒಂದೊಂದಾಗಿ ದಾಖಲಾದವು. ನೆತ್ತಿಯ ನೆಲ ಎರಡು ಮೀಟರಿಗಿಂತ ಜಾಸ್ತಿ ಕುಸಿದದ್ದು, ಬಿಸಿ ಲಾವಾ ನೀರಿಗೆ ತಾಗಿ ಢಂ ಢಂ ಅಂದ ಸಾವಿರಾರು ಸದ್ದು, ಎಲ್ಲವೂ ಆಗುತ್ತಿದ್ದ ಹೊತ್ತಿನಲ್ಲೇ ದಡಕ್ಕೆ ಬಂದವು. ಎರಡು ಸ್ಫೋಟಗಳ ನಡುವೆ ಬದಲಾದದ್ದು ಒಂದೇ. ಅಲ್ಲಿಗೆ ಕೇಬಲ್ ಎಳೆದಿದ್ದರು.

ಕಡಲ ತಳದ ಕೇಬಲ್ ವೀಕ್ಷಣಾಲಯ ಅಂದರೆ ಇಷ್ಟೇ. ದಡದಲ್ಲಿ ಒಂದು ಸ್ಟೇಷನ್. ಅಲ್ಲಿಂದ ನೂರಾರು ಕಿಲೋಮೀಟರ್ ಕೇಬಲ್, ಒಳಗೆ ಕರೆಂಟಿಗೆ ತಾಮ್ರ, ಮಾಹಿತಿಗೆ ಗಾಜಿನ ಎಳೆ. ಅಲ್ಲಲ್ಲಿ ದೊಡ್ಡ ಜಂಕ್ಷನ್ ಪೆಟ್ಟಿಗೆ, ಆ ಪೆಟ್ಟಿಗೆಗೆ ಸಿಕ್ಕಿಸಿದ ಭೂಕಂಪ ಮಾಪಕ, ಒತ್ತಡ ಮಾಪಕ, ಕ್ಯಾಮೆರಾ, ನೀರೊಳಗಿನ ಮೈಕು. ಉಪಕರಣಗಳು ಮೊದಲೂ ಇದ್ದವು, ಅದೇನು ಹೊಸದಲ್ಲ. ಇಲ್ಲದಿದ್ದದ್ದು ಕರೆಂಟು ಮತ್ತು ಸಂಪರ್ಕ. ರೇಡಿಯೋ ತರಂಗ ಉಪ್ಪುನೀರಲ್ಲಿ ದೂರ ಹೋಗುವುದಿಲ್ಲ, ಆದ್ದರಿಂದ ಮೊಬೈಲೂ ಇಲ್ಲ, ಸ್ಯಾಟಲೈಟೂ ಇಲ್ಲ. ಸದ್ದಿನ ಮೂಲಕ ಸಂದೇಶ ಕಳಿಸಬಹುದು, ಆದರೆ ಅದು ಎತ್ತಿನ ಗಾಡಿಯ ವೇಗ. ಬ್ಯಾಟರಿ ಹಾಕಿ ಇಳಿಸಿದರೆ ಅದು ಖಾಲಿಯಾಗುವವರೆಗೆ ಬರೆದುಕೊಳ್ಳುತ್ತದೆ, ಹಡಗು ಬಂದು ಎತ್ತಿದಾಗ ಏನು ಬರೆದಿದೆ ಅಂತ ಗೊತ್ತಾಗುತ್ತದೆ. ಎತ್ತೋಕೆ ಸಿಕ್ಕಿದರೆ.

ಇದು ನಮ್ಮ ಕಡೆಯವರಿಗೆ ಬೇಗ ಅರ್ಥವಾಗುವ ವಿಷಯ. ಹೊಳಲ್ಕೆರೆ ಕಡೆ ನಮ್ಮ ಚಿಕ್ಕಪ್ಪನ ಅಡಿಕೆ ತೋಟ ಇದೆ. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಸ್ಟಾರ್ಟರ್ ಒತ್ತಿದರೆ ಟ್ರಿಪ್, ಒತ್ತಿದರೆ ಟ್ರಿಪ್. ಮೋಟ್ರು ಸುಟ್ಟಿರಬೇಕು ಅಂದುಕೊಂಡು ಎತ್ತುವವರನ್ನು ಕರೆಸಿ, ಎಂಟುನೂರು ಅಡಿಯಿಂದ ಪೈಪು ಒಂದೊಂದೇ ಬಿಚ್ಚಿ ಮೇಲೆ ತಂದರೆ ಮೋಟ್ರು ಚೆನ್ನಾಗೇ ಇತ್ತು. "ಮೋಟ್ರು ಕೆಟ್ಟಿಲ್ಲ ಕಣಪ್ಪ, ಜಾಯಿಂಟಿಗೆ ನೀರು ಹೋಗೈತೆ" ಅಂದರು ಚಿಕ್ಕಪ್ಪ. ಟೇಪು ಸುತ್ತಿದವನು ಅವಸರ ಮಾಡಿದ್ದ, ಅಷ್ಟೆ. ಎರಡು ಸಾವಿರದ ಕೆಲಸವೂ ಅಲ್ಲ ಅದು, ಆದರೆ ಎತ್ತಿ ಇಳಿಸುವುದಕ್ಕೆ ಆದ ಖರ್ಚು ಕೇಳಬೇಡಿ.

ಈಗ ಎಂಟುನೂರು ಅಡಿ ಬದಲು 2,600 ಮೀಟರ್ ಅಂದುಕೊಳ್ಳಿ. ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ, ಅಲ್ಲಿಗೆ 260 ಪಟ್ಟು. ನೀರು ಉಪ್ಪು. ಕೇಬಲ್ಲಿನಲ್ಲಿ ಹರಿಯುವುದು 10,000 ವೋಲ್ಟ್ ಡಿಸಿ. ಕೆನಡಾದ ನೆಪ್ಚೂನ್ ಜಾಲದಲ್ಲಿ ಇದನ್ನು ತಳದ ಪೆಟ್ಟಿಗೆಗಳು 400 ವೋಲ್ಟಿಗೆ ಇಳಿಸಿ ಮುಂದೆ ಕೊಡುತ್ತವೆ. ಇನ್ನೊಂದು ಮಜಾ ಏನಂದರೆ, ಆ ಕೇಬಲ್ಲಿನಲ್ಲಿ ಕರೆಂಟಿನ ದಾರಿ ಒಂದೇ. ವಾಪಸ್ ಬರೋಕೆ ಇನ್ನೊಂದು ತಂತಿ ಇಲ್ಲ, ಸಮುದ್ರವೇ ನ್ಯೂಟ್ರಲ್! ಇನ್ನು ಜಾಯಿಂಟಿನ ವಿಷಯ. ನೀರೊಳಗೇ ಸಿಕ್ಕಿಸಿ ನೀರೊಳಗೇ ಬಿಚ್ಚಬಹುದಾದ ವಿಶೇಷ ಪ್ಲಗ್‌ಗಳಿವೆ. ಎಣ್ಣೆ ತುಂಬಿದ ಕೋಶದೊಳಗೆ ಪಿನ್ ಹೋಗಿ ಕೂರುತ್ತದೆ, ನೀರು ಹೊರಗೇ ಉಳಿಯುತ್ತದೆ. ಹಡಗಿನಲ್ಲಿ ಕೂತವರು ಪರದೆ ನೋಡುತ್ತಾ ರೋಬೋದ ಕೈಯಿಂದ ಇದನ್ನು ಸಿಕ್ಕಿಸಬೇಕು. ಈ ಪ್ಲಗ್ ಇಲ್ಲದಿದ್ದರೆ ಇಡೀ ವ್ಯವಸ್ಥೆಯೇ ಇಲ್ಲ. ಒಂದು ಕ್ಯಾಮೆರಾ ಕೆಟ್ಟರೆ ನೂರಾರು ಕಿ.ಮೀ. ಕೇಬಲ್ ಎತ್ತಲು ಆಗುತ್ತದೆಯೇ?

ಹಾಗಾಗಿ ಈ ವೀಕ್ಷಣಾಲಯಗಳ ಬಗ್ಗೆ ಯೋಚಿಸುವಾಗ ನನಗೆ ಉಪಕರಣಕ್ಕಿಂತ ಹಾಜರಿಯೇ ದೊಡ್ಡದು ಅನ್ನಿಸುತ್ತದೆ. ಮಳೆ ಅಳೆಯುವುದನ್ನೇ ನೋಡಿ. ಹಿಂದೆ ತಾಲ್ಲೂಕಿಗೆ ಒಂದೋ ಎರಡೋ ಮಳೆ ಮಾಪಕ, ಬೆಳಿಗ್ಗೆ ಎಂಟೂವರೆಗೆ ಒಬ್ಬರು ಹೋಗಿ ಅಳೆದು ಬರೆಯುತ್ತಿದ್ದರು. ಈಗ ರಾಜ್ಯದ ವಿಕೋಪ ನಿಗಾ ಕೇಂದ್ರದ ಮಾಪಕಗಳು ಪಂಚಾಯ್ತಿ ಮಟ್ಟದಲ್ಲಿವೆ, 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ದಿನಕ್ಕೆ 60 ಮಿ.ಮೀ. ಅನ್ನೋದು ಒಂದು ಸುದ್ದಿ. ಅದರಲ್ಲಿ 50 ಮಿ.ಮೀ. ಅರ್ಧ ಗಂಟೆಯಲ್ಲೇ ಬಿತ್ತು ಅನ್ನೋದು ಬೇರೆಯೇ ಸುದ್ದಿ. ಹಳ್ಳ ಉಕ್ಕಿದ್ದು ಯಾಕೆ ಅಂತ ಎರಡನೆಯದು ಹೇಳುತ್ತದೆ. ಸಮುದ್ರದ ತಳಕ್ಕೆ ನಾವು ಇಷ್ಟು ದಿನ ಹಡಗಲ್ಲಿ ಹೋಗಿ ವರ್ಷಕ್ಕೊಮ್ಮೆ ಹಾಜರಿ ಹಾಕಿ ಬರುತ್ತಿದ್ದೆವು. ಅದೂ ಹವಾ ಚೆನ್ನಾಗಿರುವ ತಿಂಗಳಲ್ಲಿ. ಬಿರುಗಾಳಿಯ ದಿನ ತಳದಲ್ಲಿ ಏನಾಗುತ್ತದೆ ಅಂತ ನೋಡೋಕೆ ಬಿರುಗಾಳಿಯಲ್ಲಿ ಹಡಗು ನಿಲ್ಲಿಸುವವರು ಯಾರು?

ಈ ಹಾಜರಿಯ ಬೆಲೆ ಜಪಾನಿನವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಅವರು 1970ರ ದಶಕದ ಕೊನೆಯಲ್ಲೇ ತಮ್ಮ ಕರಾವಳಿಯಲ್ಲಿ ಭೂಕಂಪಕ್ಕಾಗಿ ಕೇಬಲ್ ಇಳಿಸಿದ್ದರು. ಆದರೆ 2011ರ ಮಾರ್ಚ್ 11ರ ಭೂಕಂಪ ಆದದ್ದು ಅಂಥ ಕಾವಲು ಕಡಿಮೆ ಇದ್ದ ಕಡೆ. ಮೂರೇ ನಿಮಿಷದಲ್ಲಿ ಸುನಾಮಿ ಎಚ್ಚರಿಕೆ ಹೊರಟಿತು, ಅದು ಮೆಚ್ಚಬೇಕಾದ್ದೇ. ಆದರೆ ಅಲೆ ಮಿಯಾಗಿಯಲ್ಲಿ 6 ಮೀಟರ್, ಇವಾತೆಯಲ್ಲಿ 3 ಮೀಟರ್ ಅಂತ ಅದರಲ್ಲಿತ್ತು. ಬಂದ ಅಲೆ ಅದಕ್ಕಿಂತ ಎಷ್ಟೋ ಎತ್ತರ. ನೆಲದ ಮೇಲಿನ ಭೂಕಂಪ ಮಾಪಕಗಳನ್ನು ನಂಬಿ ಮಾಡಿದ ಲೆಕ್ಕ ಅದು, ಸಮುದ್ರದಲ್ಲಿ ನಿಜವಾಗಿ ನೀರು ಎಷ್ಟು ಎದ್ದಿದೆ ಅಂತ ಹೇಳೋಕೆ ಅಲ್ಲಿ ಸಾಕಷ್ಟು ಕಣ್ಣುಗಳಿರಲಿಲ್ಲ.

ಆಮೇಲೆ ಅವರು ಎಸ್-ನೆಟ್ ಕಟ್ಟಿದರು. 150 ಕಡೆ ಉಪಕರಣ, 5,500 ಕಿ.ಮೀ.ಗೂ ಹೆಚ್ಚು ಕೇಬಲ್. ಭೂಕಂಪದ ಸೂಚನೆ ಗರಿಷ್ಠ 30 ಸೆಕೆಂಡ್, ಸುನಾಮಿಯ ಸೂಚನೆ ಗರಿಷ್ಠ 20 ನಿಮಿಷ ಮೊದಲೇ ಸಿಗಬಹುದು ಅನ್ನೋದು ಅವರ ಲೆಕ್ಕ. ಆಳ ಸಮುದ್ರದಲ್ಲಿ ಸುನಾಮಿ ಅಲೆ ಎದ್ದು ಕಾಣುವುದೇ ಇಲ್ಲ. ಹಡಗಿನವರಿಗೆ ಗೊತ್ತೂ ಆಗದೆ ವಿಮಾನದ ವೇಗದಲ್ಲಿ ಅಡಿಯಲ್ಲಿ ಹಾದುಹೋಗುತ್ತದೆ. ಆದರೆ ಮೇಲೆ ನೀರು ಒಂದು ಸೆಂಟಿಮೀಟರ್ ಏರಿದರೂ ತಳದಲ್ಲಿಟ್ಟ ಒತ್ತಡ ಮಾಪಕಕ್ಕೆ ಅದು ಗೊತ್ತಾಗುತ್ತದೆ.

ಇನ್ನು ನಮ್ಮ ದೇಶಕ್ಕೆ ಬರೋಣ. 2004ರ ಡಿಸೆಂಬರ್ 26 ಆದ ಮೇಲೆ ಹೈದರಾಬಾದಿನ ಇನ್‌ಕಾಯಿಸ್ ಅನ್ನುವ ರಾಷ್ಟ್ರೀಯ ಸಾಗರ ಮಾಹಿತಿ ಸಂಸ್ಥೆಯಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ಬಂತು, 2007ರ ಅಕ್ಟೋಬರಿನಿಂದ ಕೆಲಸ ಮಾಡುತ್ತಿದೆ. ಒಳ್ಳೆಯ ಕೇಂದ್ರ, ಅದರಲ್ಲಿ ಅನುಮಾನವಿಲ್ಲ. ಆದರೆ ಆಳ ಸಮುದ್ರದ ಕಣ್ಣಾಗಿ ನಾವು ಮುಖ್ಯವಾಗಿ ನೆಚ್ಚಿಕೊಂಡಿರುವುದು ತೇಲುವ ಬೋಯೆಗಳನ್ನು. ತಳದ ಮಾಪಕ ಸದ್ದಿನ ಮೂಲಕ ಬೋಯೆಗೆ ಹೇಳುತ್ತದೆ, ಬೋಯೆ ಸ್ಯಾಟಲೈಟಿಗೆ ಹೇಳುತ್ತದೆ. ಈ ಬೋಯೆಗಳಿಗೆ ಬಿರುಗಾಳಿಯ ಕಾಟ ಒಂದಾದರೆ ಮನುಷ್ಯರದು ಇನ್ನೊಂದು. ಬೋಯೆಯ ನೆರಳಿಗೆ ಮೀನು ಸೇರುತ್ತವೆ, ಮೀನಿನ ಹಿಂದೆ ದೋಣಿ ಬರುತ್ತದೆ, ದೋಣಿ ಬೋಯೆಗೇ ಕಟ್ಟಿಕೊಳ್ಳುತ್ತದೆ, ಆಂಟೆನಾ ಮುರಿಯುತ್ತದೆ, ಸೋಲಾರ್ ಪ್ಯಾನಲ್ ಮಾಯ. ನಮ್ಮ ಹೊಲಗಳಲ್ಲಿ ಬೋರ್ ಕೇಬಲ್ ಕಳ್ಳತನ ಆಗುವುದಿಲ್ಲವೇ, ಹಾಗೆ.

ಕೇಬಲ್ ಎಲ್ಲಿ ಬೇಕು ಅನ್ನೋದನ್ನು ಮಾತ್ರ ಸ್ವಲ್ಪ ತಾಳ್ಮೆಯಿಂದ ಯೋಚಿಸಬೇಕು. 2004ರಲ್ಲಿ ಅಲೆ ಸುಮಾತ್ರಾದ ಕಡೆಯಿಂದ ಚೆನ್ನೈಗೆ ಬರಲು ಎರಡು ಗಂಟೆಗಿಂತ ಹೆಚ್ಚು ಹಿಡಿಯಿತು. ಅಷ್ಟು ಸಮಯ ಇದ್ದರೆ ಬೋಯೆ ಸಾಕು, ಬೇಕಾಗಿರುವುದು ಸೈರನ್ನು ಮತ್ತು ಓಡುವ ದಾರಿ. ಕಾರ್ ನಿಕೋಬಾರಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಅಲ್ಲಿ ಐದು ನಿಮಿಷ ಅಂದರೂ ಐದು ನಿಮಿಷವೇ. ಆದ್ದರಿಂದ ಭಾರತಕ್ಕೆ ಒಂದೇ ಒಂದು ಕೇಬಲ್ ಎಳೆಯುವ ದುಡ್ಡಿದ್ದರೆ ಅದು ಅಂಡಮಾನ್-ನಿಕೋಬಾರಿನ ಪಕ್ಕದ ಕಂದಕಕ್ಕೇ ಹೋಗಬೇಕು ಅನ್ನೋದು ನನ್ನ ವಾದ. ಅರಬ್ಬಿ ಸಮುದ್ರದ ಕಡೆಯೂ ಅಪಾಯ ಇಲ್ಲದೆ ಇಲ್ಲ. 1945ರ ನವೆಂಬರ್ 28ರಂದು ಮಕ್ರಾನ್ ಕರಾವಳಿಯ ಭೂಕಂಪದಿಂದ ಎದ್ದ ಸುನಾಮಿ ಮುಂಬೈವರೆಗೂ ಬಂದಿತ್ತು. ಆದರೆ ಅದು ಎರಡನೇ ಸರದಿ.

ನಮಗೇನು ಬಂತು ಅಂತ ಚಿತ್ರದುರ್ಗದವರು ಕೇಳಬಹುದು. ನಮಗೆ ಸುನಾಮಿ ಬರುವುದಿಲ್ಲ, ಮಳೆಯೇ ಬಂದರೆ ಸಾಕು. ಇಲ್ಲಿ ಕೆಲವರು ಒಂದು ತಪ್ಪು ಮಾಡುತ್ತಾರೆ. ಕೇಬಲ್ ಹಾಕಿದರೆ ಮುಂಗಾರಿನ ಮುನ್ಸೂಚನೆ ಭಾರೀ ಸುಧಾರಿಸುತ್ತದೆ ಅಂತ ಉಬ್ಬಿಸಿ ಬರೆಯುತ್ತಾರೆ. ಅಷ್ಟೊಂದು ಇಲ್ಲ. 2022ರ ಸೆಪ್ಟೆಂಬರಿನಲ್ಲಿ 89 ವರ್ಷದ ನಂತರ ಮಾರಿಕಣಿವೆ ಕೋಡಿ ಬಿದ್ದಾಗ ನಾವೆಲ್ಲ ಬುತ್ತಿ ಕಟ್ಟಿಕೊಂಡು ನೋಡೋಕೆ ಹೋದೆವಲ್ಲ, ಆ ಮಳೆಯ ಗುಟ್ಟು ಇರುವುದು ಸಮುದ್ರದ ಮೇಲ್ಪದರದ ಕೆಲವು ನೂರು ಮೀಟರುಗಳ ಬಿಸಿಯಲ್ಲಿ ಮತ್ತು ಗಾಳಿಯಲ್ಲಿ. ಆ ಬಿಸಿಯನ್ನು ಅಳೆಯಲು ಆರ್ಗೋ ಅನ್ನುವ ತೇಲುಗಳಿವೆ. ಪ್ರಪಂಚದ ಸಮುದ್ರಗಳಲ್ಲಿ ಸುಮಾರು 4,000 ಇವೆ. 2,000 ಮೀಟರ್ ಆಳಕ್ಕೆ ಮುಳುಗಿ ಹತ್ತು ದಿನಕ್ಕೊಮ್ಮೆ ಮೇಲೆ ಬಂದು ಲೆಕ್ಕ ಒಪ್ಪಿಸುತ್ತವೆ. ಕೇಬಲ್ಲಿಗಿಂತ ತುಂಬಾ ಅಗ್ಗ. ಮಳೆಗೆ ಇವೇ ಸರಿ. ಕೇಬಲ್ ಇರುವುದು ತಳಕ್ಕೆ, ಮತ್ತು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಗುವ ಸಂಗತಿಗಳಿಗೆ.

ಈಗ ದುಡ್ಡಿನ ವಿಷಯ. ಆಕ್ಸಿಯಲ್ ಮೇಲಿನ ಕೇಬಲ್ ಅಮೆರಿಕದ ಸಾಗರ ವೀಕ್ಷಣಾ ಜಾಲದ ಒಂದು ಭಾಗ. ಬೋಯೆ, ನೀರೊಳಗೆ ತಾನೇ ಸಾಗುವ ಗ್ಲೈಡರ್ ಎಲ್ಲಾ ಸೇರಿ ಆ ಇಡೀ ಜಾಲ ಕಟ್ಟಲು 38.6 ಕೋಟಿ ಡಾಲರ್ ಆಯಿತು. ನಡೆಸಲು ವರ್ಷಕ್ಕೆ ಹೆಚ್ಚುಕಡಿಮೆ 4ರಿಂದ 5 ಕೋಟಿ ಡಾಲರ್. ನೀವೇ ಭಾಗಿಸಿ ನೋಡಿ, ಎಂಟು ಒಂಬತ್ತು ವರ್ಷದಲ್ಲಿ ನಡೆಸಿದ ಖರ್ಚು ಕಟ್ಟಿದ ಖರ್ಚಿಗೆ ಸಮ. ವಿನ್ಯಾಸ ಮಾಡಿದ್ದು 25 ವರ್ಷ ಬಾಳಲಿ ಅಂತ. ಪ್ರತಿ ಬೇಸಿಗೆ ಹಡಗು ಹೋಗಬೇಕು, ಉಪಕರಣಗಳ ಮೇಲೆ ಬೆಳೆದ ಜೀವಿಗಳನ್ನು ಕೆರೆಯಬೇಕು, ಕೆಟ್ಟದ್ದು ತೆಗೆದು ಹೊಸದು ಸಿಕ್ಕಿಸಬೇಕು. ಇದನ್ನು ಹೇಳಿದಾಗ ಚಿಕ್ಕಪ್ಪ ತೆಂಗಿನಕಾಯಿ ಸುಲಿಯುತ್ತಲೇ "ಬೋರ್ ಕೊರೆಸೋಕೆ ಸಾಲ ಕೊಡ್ತಾರೆ, ಮೋಟ್ರು ಎತ್ತೋಕೆ ಯಾವ ಬ್ಯಾಂಕ್ ಕೊಡುತ್ತೆ ಹೇಳು" ಅಂದರು. ಅಮೆರಿಕದಲ್ಲಿ ಆಗುತ್ತಿರುವುದೂ ಅದೇ. 2026ರ ಆರ್ಥಿಕ ವರ್ಷಕ್ಕೆ ಅಲ್ಲಿನ ಸರ್ಕಾರ ಮುಂದಿಟ್ಟ ಪ್ರಸ್ತಾವದಲ್ಲಿ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಬಜೆಟ್ 900 ಕೋಟಿ ಡಾಲರಿನಿಂದ 390 ಕೋಟಿಗೆ ಇಳಿದಿತ್ತು, ಈ ಜಾಲಕ್ಕೂ ದೊಡ್ಡ ಕತ್ತರಿ ಇತ್ತು. ಪ್ರಸ್ತಾವ ಅಂದರೆ ತೀರ್ಮಾನ ಅಲ್ಲ, ಗಂಟಿನ ಬಾಯಿ ಬಿಚ್ಚುವುದು ಅಲ್ಲಿನ ಸಂಸತ್ತು. ಆದರೂ ಹತ್ತು ವರ್ಷದ ಬಿಡದ ಹಾಜರಿಯನ್ನು ಒಂದು ಸಹಿ ನಿಲ್ಲಿಸಬಹುದು ಅನ್ನೋದು ಎಲ್ಲರಿಗೂ ಕಂಡಿತು.

ನಮ್ಮ ಆಳ ಸಮುದ್ರ ಮಿಷನ್ನಿಗೆ 2021ರಲ್ಲಿ 4,077 ಕೋಟಿ ರೂಪಾಯಿಗೆ ಒಪ್ಪಿಗೆ ಸಿಕ್ಕಿತು. ಪೇಪರಿನಲ್ಲಿ ಫೋಟೋ ಬರುವುದು ಮತ್ಸ್ಯ 6000ದ್ದು, ಮೂರು ಜನರನ್ನು 6,000 ಮೀಟರ್ ಕೆಳಗೆ ಒಯ್ಯುವ ಗುಂಡನೆಯ ವಾಹನ. ಬೇಡ ಅನ್ನುತ್ತಿಲ್ಲ, ಅಂಥದ್ದನ್ನು ಇಲ್ಲೇ ಮಾಡುವುದು ಹೆಮ್ಮೆಯ ಕೆಲಸವೇ. ಆದರೆ ಅದು ಒಮ್ಮೆ ಇಳಿದರೆ ಕೆಲಸ ಮಾಡುವುದು 12 ಗಂಟೆ. ಕೇಬಲ್ಲಿನ ಲೆಕ್ಕ 25 ವರ್ಷ. ಒಂದಕ್ಕೆ ಹಾರ ಹಾಕಿ ಬೀಳ್ಕೊಡಬಹುದು, ಇನ್ನೊಂದಕ್ಕೆ ಬರೀ ಕರೆಂಟ್ ಬಿಲ್ಲು.

ಕಡಿಮೆ ಖರ್ಚಿನ ದಾರಿಗಳೂ ಇವೆ, ನನಗೆ ಜಾಸ್ತಿ ಆಸೆ ಹುಟ್ಟಿಸುವುದು ಅವೇ. ಒಂದು, ಟೆಲಿಕಾಂ ಕೇಬಲ್ಲಿನಲ್ಲೇ ಮಾಪಕ ಕೂರಿಸುವುದು. ದೂರದ ಕೇಬಲ್ಲುಗಳಲ್ಲಿ ಸುಮಾರು 70 ಕಿ.ಮೀ.ಗೆ ಒಂದರಂತೆ ಬೆಳಕನ್ನು ಜೋರು ಮಾಡುವ ರಿಪೀಟರ್‌ಗಳಿರುತ್ತವೆ, ಅದರ ಜೊತೆಗೇ ಉಷ್ಣತೆ, ಒತ್ತಡ, ಕಂಪನ ಅಳೆಯುವ ಸಾಧನ ಇಟ್ಟರೆ ಆಯಿತು. ವಿಶ್ವಸಂಸ್ಥೆಯ ಮೂರು ಅಂಗಸಂಸ್ಥೆಗಳು 2012ರಿಂದ ಇದನ್ನೇ ಹೇಳುತ್ತಿವೆ. ಪೋರ್ಚುಗಲ್ ತನ್ನ ದ್ವೀಪಗಳಿಗೆ ಹಾಕುವ ಹೊಸ ಕೇಬಲ್ಲಿನಲ್ಲಿ ಇದನ್ನು ಸೇರಿಸಿಕೊಂಡಿದೆ. ನಾವು 2020ರ ಆಗಸ್ಟಿನಲ್ಲಿ ಚೆನ್ನೈನಿಂದ ಅಂಡಮಾನಿಗೆ ಸುಮಾರು 2,300 ಕಿ.ಮೀ. ಕೇಬಲ್ ಉದ್ಘಾಟಿಸಿದೆವು. ಎಲ್ಲಿ ಬೇಕೋ ಅಲ್ಲಿಗೇ ಹೋದ ಕೇಬಲ್ ಅದು! ಇಂಟರ್ನೆಟ್ಟಿಗಾಗಿ ಹಾಕಿದ್ದು, ಇಂಟರ್ನೆಟ್ಟಿಗಷ್ಟೇ ಆಯಿತು. ರಸ್ತೆ ಅಗೆದಾಗಲೇ ನೀರಿನ ಪೈಪನ್ನೂ ಹಾಕಿಬಿಡಿ ಅಂತ ದಾವಣಗೆರೆಯಲ್ಲಿ ನಾವು ಎಷ್ಟು ಸಲ ಬಾಯಿ ಬಡಿದುಕೊಂಡಿಲ್ಲ.

ಇನ್ನೊಂದು ದಾರಿ ಇನ್ನೂ ಚೆಂದ. ಗಾಜಿನ ಎಳೆಯೊಳಗೆ ಲೇಸರ್ ಬೆಳಕಿನ ಚುಕ್ಕೆ ಕಳಿಸಿದರೆ ಅದರಲ್ಲಿ ಸ್ವಲ್ಪ ಎಳೆಯ ಉದ್ದಕ್ಕೂ ಚದುರಿ ವಾಪಸ್ ಬರುತ್ತದೆ. ನೆಲ ಅಲುಗಿ ಎಳೆ ಕೂದಲಷ್ಟೂ ಅಲ್ಲದಷ್ಟು ಹಿಗ್ಗಿದರೂ ವಾಪಸ್ ಬರುವ ಬೆಳಕು ಬದಲಾಗುತ್ತದೆ. 2018ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ವೀಕ್ಷಣಾಲಯವನ್ನು ರಿಪೇರಿಗೆ ಅಂತ ನಾಲ್ಕು ದಿನ ನಿಲ್ಲಿಸಿದ್ದರು. ಆ ಖಾಲಿ ಎಳೆಯಲ್ಲಿ ಇದನ್ನು ಮಾಡಿ ನೋಡಿದರೆ 20 ಕಿ.ಮೀ. ಕೇಬಲ್ಲೇ ಸುಮಾರು 10,000 ಮಾಪಕಗಳ ಕೆಲಸ ಮಾಡಿತು. ಸಮುದ್ರಕ್ಕೆ ಏನನ್ನೂ ಇಳಿಸದೆ, ದಡದಲ್ಲಿ ಒಂದು ಪೆಟ್ಟಿಗೆ ಇಟ್ಟು! ಮಿತಿಯೂ ಇದೆ. ದಡದಿಂದ ನೂರು ಕಿ.ಮೀ. ಆಸುಪಾಸಿನವರೆಗೆ ಚೆನ್ನಾಗಿ ಕೇಳಿಸುತ್ತದೆ, ಆಮೇಲೆ ಕಷ್ಟ. 2024ರ ಜನವರಿಯಲ್ಲಿ ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಬಂದ ಕೇಬಲ್ಲಿನಲ್ಲಿ ಒಂದು ಎಳೆ ಇದಕ್ಕೆ ಬಿಟ್ಟುಕೊಟ್ಟರೆ ಅರಬ್ಬಿ ಸಮುದ್ರಕ್ಕೆ ಕಡಿಮೆ ದುಡ್ಡಿನಲ್ಲಿ ಕಿವಿ ಬರುತ್ತದೆ.

ಕಿವಿ ಅಂದ ಕೂಡಲೇ ನೌಕಾಪಡೆ ನೆಟ್ಟಗೆ ಕೂರುತ್ತದೆ. ತಿಮಿಂಗಿಲದ ಸದ್ದು ಕೇಳುವ ಮೈಕು ಸಬ್‌ಮರೀನ್ ಸದ್ದನ್ನೂ ಕೇಳುತ್ತದೆ. ಅಮೆರಿಕ, ಕೆನಡಾಗಳಲ್ಲಿ ಈ ಮೈಕುಗಳ ಮಾಹಿತಿ ಮೊದಲು ನೌಕಾಪಡೆಯ ಜರಡಿ ಹಾದೇ ಹೊರಗೆ ಬರುತ್ತದೆ, ಬೇಕಾದಾಗ ಅವರು ತಡೆದಿಟ್ಟುಕೊಳ್ಳುತ್ತಾರೆ. 2021ರಲ್ಲಿ ನಾರ್ವೆಯ ವೀಕ್ಷಣಾಲಯದ ನಾಲ್ಕು ಕಿ.ಮೀ.ಗಿಂತ ಹೆಚ್ಚು ಕೇಬಲ್ ತುಂಡಾಗಿ ಕಾಣೆಯೇ ಆಯಿತು. ಟನ್ನುಗಟ್ಟಲೆ ತೂಕದ್ದು, ಸುಮ್ನೆ ತೇಲಿ ಹೋಗುವಂಥದ್ದಲ್ಲ. ಅಂಡಮಾನಿನ ಪಕ್ಕ ಹಾಕಿದರೆ ನಮ್ಮಲ್ಲೂ ಜರಡಿ ಬರುತ್ತದೆ, ಬರಲಿ. ನನ್ನ ಭಯ ಜರಡಿಯ ಬದಲು ಬೀಗವನ್ನೇ ಹಾಕಿಬಿಟ್ಟಾರು ಅಂತ.

ಯಾಕೆಂದರೆ ತೆರೆದಿಟ್ಟರೆ ಏನೇನೋ ಆಗುತ್ತದೆ. 2013ರಲ್ಲಿ ಉಕ್ರೇನಿನ ಹದಿನಾಲ್ಕು ವರ್ಷದ ಹುಡುಗನೊಬ್ಬ ಮನೆಯಲ್ಲಿ ಕೂತು ಕೆನಡಾದ ಕೇಬಲ್ಲಿನ ಕ್ಯಾಮೆರಾ ನೋಡುತ್ತಿದ್ದ. ಸುಮಾರು 900 ಮೀಟರ್ ಆಳದಲ್ಲಿ ತಳದ ಮೀನೊಂದನ್ನು ಯಾವುದೋ ಮೂತಿ ಬಂದು ಸರ್ರನೆ ಹೀರಿಕೊಂಡು ಹೋಯಿತು. ಏನಿದು ಅಂತ ವಿಜ್ಞಾನಿಗಳಿಗೆ ಬರೆದ. ಅದು ಆನೆ ಸೀಲ್, ಅಷ್ಟು ಆಳದಲ್ಲಿ ಬೇಟೆಯಾಡುವುದನ್ನು ಹಾಗೆ ನೋಡಸಿಗುವುದು ಬಲು ಅಪರೂಪ. ಅವನೂ ನಮ್ಮ ಹಾಗೆ ಆ ಸಮುದ್ರದಿಂದ ಬಲು ದೂರದವನು.

ಆಕ್ಸಿಯಲ್ ಮತ್ತೆ ಉಬ್ಬುತ್ತಿದೆ. 2025 ಮುಗಿಯುವುದರೊಳಗೆ ಸ್ಫೋಟ ಆಗಬಹುದು ಅಂತ ಅಂದಾಜು ಮಾಡಿದ್ದರು, ಆಗಲಿಲ್ಲ, ಗಡುವು ಮುಂದಕ್ಕೆ ಹೋಗಿದೆ. ತಳ ಎಷ್ಟು ಮೇಲೆದ್ದಿದೆ ಅನ್ನುವ ಗ್ರಾಫ್ ಎಲ್ಲರಿಗೂ ತೆರೆದಿದೆ, ಮೊಬೈಲಲ್ಲೇ ನೋಡಬಹುದು. ಮಳೆಗಾಲದಲ್ಲಿ ಚಿಕ್ಕಪ್ಪ ಬೆಳಿಗ್ಗೆ ಎದ್ದು ಪೇಪರಿನಲ್ಲಿ ಮಾರಿಕಣಿವೆ ಎಷ್ಟಡಿ ಆಯ್ತು ಅಂತ ಮೊದಲು ನೋಡುತ್ತಾರೆ. ನಾನು ಇದನ್ನು ನೋಡುತ್ತೇನೆ. ನಿನ್ನೆ ರಾತ್ರಿಯವರೆಗೆ ಒಡೆದಿರಲಿಲ್ಲ.